ಹವ್ಯಾಸಿ ರೇಡಿಯೋ ಪಟ್ಟಿಗಳಲ್ಲಿ ವಿಧಾನಗಳ ಕಲಹ

ಲೋಕವೆಲ್ಲ ‘ಹ್ಯಾಮ್’ ಎಂದು ಕರೆಯುವ ಹವ್ಯಾಸಿ ರೇಡಿಯೋಗಾರರು ದೂರದೇಶಗಳೊಡನೆ ಸಂಪರ್ಕಕ್ಕಾಗಿ ಎಲ್ಲಕ್ಕಿಂತ ಹೆಚ್ಚಾಗಿ ನೆಚ್ಚಿಕೊಂಡಿರುವ ಇಪ್ಪತ್ತು ಮೀಟರ್ ಪಟ್ಟಿಯ ವಿಸ್ತಾರವು 14.000ರಿಂದ 14.350 ಮೆಗಾಹರ್ಟ್ಸ್‌ವರೆಗೆ, ಎಂದರೆ ಕೇವಲ 350 ಕಿಲೋಹರ್ಟ್ಸ್. ಧ್ವನಿಯ ಒಂದು ಸಂಭಾಷಣೆಗೆ 2.8 ಕಿಲೋಹರ್ಟ್ಸ್ ಬೇಕೆಂದು ಲೆಕ್ಕ ಹಿಡಿದರೆ, ಒಂದಿನಿತೂ ತೆರಪಿಲ್ಲದಂತೆ ಜನರನ್ನು ಸಾಲಾಗಿ ಕುಳ್ಳಿರಿಸಿದರೂ, ಏಕಕಾಲದಲ್ಲಿ ನೂರಿಪ್ಪತ್ತೈದಕ್ಕಿಂತ ಹೆಚ್ಚು ಸಂಭಾಷಣೆಗಳಿಗೆ ಅಲ್ಲಿ ಎಡೆಯಿಲ್ಲ. ಇಷ್ಟು ಸಂಕುಚಿತವಾದ ಸ್ಥಳದಲ್ಲಿ ಮಾತಾಡುವವರು ಮಾತ್ರವೇ ಇದ್ದಿದ್ದರೆ ವ್ಯಾಜ್ಯವು ಸರಳವಾಗಿರುತ್ತಿತ್ತು. ಆದರೆ ಅಲ್ಲಿಯೇ ಮೋರ್ಸ್ ಸಂಕೇತವನ್ನು ಕೀಲಿಯಿಂದ ಬಡಿಯುವವರೂ, ಟೆಲಿಪ್ರಿಂಟರಿನ ಅಕ್ಷರಗಳನ್ನು ಕಳುಹಿಸುವವರೂ, ಗಣಕದಿಂದ ಗಣಕಕ್ಕೆ ಪತ್ರ ರವಾನಿಸುವವರೂ, ಹದಿನೈದು ಸೆಕೆಂಡುಗಳ ಕಂತುಗಳಲ್ಲಿ ಕ್ಷೀಣ ಸಂಕೇತಗಳನ್ನು ವಿನಿಮಯ ಮಾಡಿಕೊಳ್ಳುವವರೂ ನೆಲಸಿದ್ದಾರೆ. ಇವರಲ್ಲಿ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಿಯ ಗದ್ದಲ. ಕ್ಯೂಆರ್‌ಎಂ ಎಂಬ ಮೂರಕ್ಷರದ ಹಳೆಯ ಸಂಕೇತದಿಂದ ಹ್ಯಾಮ್‌ಗಳು ನಿರ್ದೇಶಿಸುವ ಅಡಚಣೆಯಲ್ಲಿ, ಹೀಗೆ ವಿಧಾನಕ್ಕೂ ವಿಧಾನಕ್ಕೂ ನಡುವೆ ಹುಟ್ಟುವ ಪಾಲು ಅತ್ಯಂತ ಕಹಿಯಾದದ್ದು, ಅತ್ಯಂತ ಹಳೆಯದೂ ಹೌದು.

ಈ ಕಲಹವನ್ನು ವರ್ಣಿಸುವವರು ಸಾಮಾನ್ಯವಾಗಿ ಅದನ್ನು ಕಿರಿದಾದ ಸಂಕೇತಕ್ಕೂ ಹಿರಿದಾದ ಸಂಕೇತಕ್ಕೂ, ಇಲ್ಲವೆ ಹಳಬರಿಗೂ ಹೊಸಬರಿಗೂ ನಡೆಯುವ ಜಗಳವೆಂದು ಚಿತ್ರಿಸುವರು. ನನ್ನ ಅಭಿಪ್ರಾಯದಲ್ಲಿ ಅದರ ಬೇರು ಇರುವುದು ಕಿವಿಯಲ್ಲಿ: ಯಾರು ಯಾರನ್ನು ಕೇಳಬಲ್ಲರು, ಕೇಳಿ ಗುರುತಿಸಬಲ್ಲರು ಎಂಬುದರಲ್ಲಿ. ಪ್ರಸಾರಕೇಂದ್ರಗಳ ಅತಿಕ್ರಮಣ, ರಾಡಾರುಗಳ ಬಡಿತ, ನೆರೆಮನೆಯ ವಿದ್ಯುದುಪಕರಣಗಳ ಕಿರಿಕಿರಿ, ಇವು ಬೇರೆಯ ಪ್ರಕರಣಗಳಾದ್ದರಿಂದ ಇಲ್ಲಿ ಅವುಗಳನ್ನು ಬಿಟ್ಟಿದ್ದೇನೆ.

ಕಿಡಿಯ ಕಾಲ

ಮೊದಲ ಹವ್ಯಾಸಿಗಳ ಪ್ರೇಷಕವು ಕಿಡಿಯ ಯಂತ್ರ. ಎರಡು ಗುಂಡುಗಳ ನಡುವೆ ಹಾರಿದ ಕಿಡಿಯಿಂದ ಹೊಮ್ಮುವ ಅಲೆಯು ಕ್ಷಣಮಾತ್ರದಲ್ಲಿ ಕುಗ್ಗಿ ಅಡಗುವುದು. ಹೀಗೆ ಬೇಗ ಅಡಗುವ ಅಲೆಗೆ ಆವೃತ್ತಿಯ ಶುದ್ಧಿಯಿಲ್ಲ, ಅದು ಅಕ್ಕಪಕ್ಕದ ಸ್ಥಳವನ್ನೆಲ್ಲ ವ್ಯಾಪಿಸುವುದು. ಒಂದೂರಿನಲ್ಲಿ ಇಬ್ಬರು ಕಿಡಿ ಹಾರಿಸಿದರೆ ಮೂರನೆಯವನು ಸುಮ್ಮನಿರಬೇಕಾಗಿದ್ದ ಆ ದಿನಗಳಲ್ಲಿ, ಅಮೆರಿಕದ ಸರಕಾರವು ಟೈಟಾನಿಕ್ ದುರಂತದ ಬೆನ್ನಿಗೇ 1912ರ ಶಾಸನದ ಮೂಲಕ ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ತರಂಗಾಂತರಗಳಿಗೆ ತಳ್ಳಿತು. ಅವು ನಿಷ್ಪ್ರಯೋಜಕವೆಂಬುದು ಅಂದಿನ ಪಂಡಿತರ ಅಭಿಮತವಾಗಿತ್ತು. ಬಂಜರೆಂದು ಕೊಟ್ಟ ನೆಲದಲ್ಲಿ ಹವ್ಯಾಸಿಗಳು ಬಂಗಾರವನ್ನೇ ಬೆಳೆದರು. 1921ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಆರ್ಡ್ರೊಸಾನ್ ಕಡಲದಂಡೆಯಲ್ಲಿ ಡೇರೆ ಹಾಕಿ ಕುಳಿತ ಪಾಲ್ ಗಾಡ್ಲಿ ಎಂಬ ಅಮೆರಿಕನ್, ತನ್ನ ದೇಶದ ಹವ್ಯಾಸಿಗಳ ಸಂಕೇತಗಳನ್ನು ಸಾಗರದಾಚೆಯಿಂದ ಕೇಳಿದನು. ಅವುಗಳಲ್ಲಿ ಪ್ರಸಿದ್ಧವಾದ 1ಬಿಸಿಜಿ ಕೇಂದ್ರದ ಪ್ರೇಷಕವು ಕಿಡಿಯದಾಗಿರದೆ, ನಿರ್ವಾತ ನಳಿಕೆಯಿಂದ ಅಖಂಡ ತರಂಗವನ್ನು ಹೊರಡಿಸುವುದಾಗಿತ್ತು. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲಾಯ್, ಅಮೆರಿಕದ ಶ್ನೆಲ್ ಮತ್ತು ರೈನಾರ್ಟ್ಜ್ ಇವರೊಡನೆ ಸುಮಾರು 110 ಮೀಟರಿನಲ್ಲಿ ಎರಡೂ ಕಡೆಯಿಂದ ಸಂಭಾಷಿಸಿದ ಬಳಿಕ ಕಿಡಿಯ ಪಕ್ಷಪಾತಿಗಳ ವಾದಕ್ಕೆ ಬಲವುಳಿಯಲಿಲ್ಲ. ಕಿಡಿಯು ಸೋತದ್ದು ಅಗಲದ ದೋಷದಿಂದ. ಅಂದಿನಿಂದ ‘ಕಿರಿದಾದುದೇ ಸಜ್ಜನಿಕೆ’ ಎಂಬ ನಂಬಿಕೆಯು ಹ್ಯಾಮ್ ಲೋಕದಲ್ಲಿ ಧರ್ಮಸೂತ್ರದಂತೆ ನೆಲೆನಿಂತಿತು. 1927ರ ವಾಷಿಂಗ್ಟನ್ ಸಮ್ಮೇಳನವು ಹವ್ಯಾಸಿಗಳಿಗೆ ಅಂತರರಾಷ್ಟ್ರೀಯವಾಗಿ ಪಟ್ಟಿಗಳನ್ನು ಗೊತ್ತುಮಾಡಿದಾಗ, ಎಲ್ಲರೂ ಒಂದೇ ಅಂಗಳದಲ್ಲಿ ಬಾಳಬೇಕೆಂಬ ನಿರ್ಬಂಧವೂ ಅದರೊಡನೆ ಬಂದಿತು.

ಸೀಟಿಯ ಯುದ್ಧ

ಮುಂದಿನ ಮಹಾಕಲಹವು ಧ್ವನಿಯ ಎರಡು ವಿಧಾನಗಳ ನಡುವೆ ನಡೆಯಿತು. ಹಳೆಯ ಎಎಂ ಪದ್ಧತಿಯಲ್ಲಿ ನಡುವೆ ಒಂದು ವಾಹಕತರಂಗ, ಅದರ ಎಡಬಲಗಳಲ್ಲಿ ಒಂದೇ ಮಾತನ್ನು ಹೊತ್ತ ಎರಡು ಪಾರ್ಶ್ವಪಟ್ಟಿಗಳು, ಒಟ್ಟು ಅಗಲ ಸುಮಾರು 6 ಕಿಲೋಹರ್ಟ್ಸ್. ಪೂರ್ಣ ಮಾಡ್ಯುಲೇಷನ್ನಿನಲ್ಲಿಯೂ ಶಕ್ತಿಯ ಮೂರರಲ್ಲಿ ಎರಡು ಪಾಲು, ಯಾವ ಮಾತನ್ನೂ ಹೊರದ ವಾಹಕಕ್ಕೇ ವ್ಯಯವಾಗುವುದು. ಪಲ್ಲಕ್ಕಿ ಹೊರುವವರಿಗೇ ಊಟವೆಲ್ಲ ಬಡಿಸಿ, ಒಳಗೆ ಕುಳಿತವನಿಗೆ ಎಲೆಯ ತುದಿಯನ್ನು ಬಿಟ್ಟಂತೆ! ವಾಹಕವನ್ನೂ ಒಂದು ಪಾರ್ಶ್ವವನ್ನೂ ತೆಗೆದುಹಾಕಿದರೂ ಮಾತಿಗೆ ನಷ್ಟವಿಲ್ಲವೆಂಬುದನ್ನು ಜಾನ್ ಕಾರ್ಸನ್ 1915ರಷ್ಟು ಹಿಂದೆಯೇ ಕಂಡುಕೊಂಡಿದ್ದನು. ಹವ್ಯಾಸಿಗಳಲ್ಲಿ ಈ ಏಕಪಾರ್ಶ್ವ ವಿಧಾನವು, ಎಂದರೆ ಎಸ್‌ಎಸ್‌ಬಿಯು, ನಿಜವಾಗಿ ಬೇರೂರಲಾರಂಭಿಸಿದ್ದು 1947ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡಬ್ಲ್ಯೂ6ವೈಎಕ್ಸ್ ಕೇಂದ್ರವು ಅದನ್ನು ಗಾಳಿಗೆ ಬಿಟ್ಟ ಮೇಲೆ.

ಆ ಬಳಿಕ ಹದಿನೈದಿಪ್ಪತ್ತು ವರ್ಷಗಳ ಕಾಲ ನಡೆದ ವಾದವನ್ನು ಬರಿಯ ಹಟಮಾರಿತನವೆಂದು ತಳ್ಳಿಹಾಕುವುದು ಅನ್ಯಾಯ. ಎಎಂ ಗ್ರಾಹಕದಲ್ಲಿ ಏಕಪಾರ್ಶ್ವದ ಮಾತು ಬಾತುಕೋಳಿಯ ಕೂಗಿನಂತೆ ವಿಕಾರವಾಗಿ ಕೇಳುವುದು, ಆದ್ದರಿಂದ ಹಳಬರಿಗೆ ಹೊಸಬರು ಪಟ್ಟಿಯನ್ನು ಕೆಡಿಸಲು ಬಂದ ಪಿಶಾಚಗಳಂತೆ ತೋರಿದರು. ಏಕಪಾರ್ಶ್ವದ ಗ್ರಾಹಕದಲ್ಲಿಯಾದರೋ ಎಎಂ ವಾಹಕವು ಎಡೆಬಿಡದ ಸೀಟಿಯಾಗಿ ಕೇಳುವುದು, ಒಂದು ಕಿಲೋಹರ್ಟ್ಸ್ ಪಕ್ಕದಲ್ಲಿದ್ದರೆ ಒಂದು ಕಿಲೋಹರ್ಟ್ಸಿನ ಸೀಟಿ, ಮಾತಾಡುವವನು ಉಸಿರೆಳೆದುಕೊಳ್ಳುವಾಗಲೂ ನಿಲ್ಲದ ಸೀಟಿ. ಹೀಗೆ ಒಬ್ಬನ ಪಾಲಿಗೆ ವಿಕಾರ, ಇನ್ನೊಬ್ಬನ ಪಾಲಿಗೆ ಕರ್ಕಶ; ಇಬ್ಬರೂ ತಮ್ಮ ತಮ್ಮ ಕಿವಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿದರು, ಇಬ್ಬರ ಸಾಕ್ಷ್ಯವೂ ಸತ್ಯವಾಗಿತ್ತು. ಕಡೆಗೆ ಎಸ್‌ಎಸ್‌ಬಿ ಗೆದ್ದಿತು. ಅದಕ್ಕೆ ಕಾರಣ ತರ್ಕಕ್ಕಿಂತ ಹೆಚ್ಚಾಗಿ, ಅದೇ ಶಕ್ತಿಗೆ ಹೆಚ್ಚು ದೂರ ತಲಪುವ ಅದರ ಗುಣವೂ, ಅಂಗಡಿಯಲ್ಲಿ ಸಿಗುವ ಯಂತ್ರಗಳೆಲ್ಲ ಅದಕ್ಕೇ ಒಗ್ಗಿದ್ದೂ. ಎಎಂ ಪ್ರೇಮಿಗಳು ಮಾತ್ರ ಪಟ್ಟಿಯ ಕೆಲವು ಮೂಲೆಗಳಲ್ಲಿ ಇಂದಿಗೂ ದೀಪವಾರಿಸದೆ ಕುಳಿತಿದ್ದಾರೆ.

ಅಡಚಣೆಯ ಸ್ವರೂಪ

ಅಡಚಣೆಯು ಎರಡು ಕಡೆಗೂ ಸಮನಾಗಿ ತಟ್ಟುವುದಿಲ್ಲವೆಂಬುದು ಈ ವಿಷಯದ ಮರ್ಮ. ಮೋರ್ಸ್ ಸಂಕೇತದ ಅಗಲ ಸುಮಾರು 150 ಹರ್ಟ್ಸ್. ನುರಿತ ಕಿವಿಯು, ಕಚೇರಿಯಲ್ಲಿ ಮೃದಂಗ ತಂಬೂರಿಗಳ ನಡುವೆ ಪಿಟೀಲನ್ನೊಂದನ್ನೇ ಹಿಡಿದು ಕೇಳುವಂತೆ, ನಾಲ್ಕೈದು ಸ್ವರಗಳ ನಡುವಿನಿಂದ ತನಗೆ ಬೇಕಾದ ಸ್ವರವನ್ನು ಆಯ್ದುಕೊಳ್ಳಬಲ್ಲುದು. ಧ್ವನಿಯ ನಡುವೆ ಒಂದು ಮೋರ್ಸ್ ಸಂಕೇತ ನುಸುಳಿದರೆ ಅದು ಕುಟುಕುವ ಸೀಟಿ, ಆದರೆ ಕಿರಿದಾದ ಫಿಲ್ಟರಿನಿಂದ ಅದೊಂದನ್ನೇ ಕಿತ್ತೆಸೆಯಬಹುದು. ಮೋರ್ಸಿನ ಮೇಲೆ ಧ್ವನಿ ಬಿದ್ದರೆ ಕಿತ್ತೆಸೆಯಲು ಹಿಡಿಯೇ ಸಿಗದು. ಎಫ್‌ಎಂ ವಿಧಾನದಲ್ಲಿ ಇಬ್ಬರು ಒಂದೇ ಆವೃತ್ತಿಯಲ್ಲಿ ಮಾತಾಡಿದರೆ ಬಲಿಷ್ಠನೊಬ್ಬನೇ ಕೇಳಿಸುವನು, ದುರ್ಬಲನು ಇದ್ದನೆಂಬ ಸುಳಿವೂ ಉಳಿಯದು. ಎಎಂನಲ್ಲಿಯಾದರೆ ಎರಡೂ ಬೆರೆತು ಸೀಟಿ ಕೇಳುವುದರಿಂದ ಇನ್ನೊಬ್ಬನಿದ್ದಾನೆಂಬುದಾದರೂ ತಿಳಿಯುವುದು, ವಿಮಾನಗಳ ಮಾತುಕತೆಯು ಇಂದಿಗೂ ಎಎಂನಲ್ಲಿ ಉಳಿದಿರುವುದಕ್ಕೆ ಇದನ್ನೂ ಒಂದು ಸಮರ್ಥನೆಯಾಗಿ ಹೇಳುವುದುಂಟು.

ಇನ್ನೊಂದು ತೊಡಕು ಆಕಾಶದ್ದೇ. ಅಯಾನುಮಂಡಲದಿಂದ ಪ್ರತಿಫಲಿಸಿ ಬೀಳುವ ಹ್ರಸ್ವತರಂಗವು ಮೊದಲ ಕೆಲವು ನೂರು ಕಿಲೋಮೀಟರುಗಳನ್ನು ಹಾರಿಹೋಗುವುದರಿಂದ, ಬೆಂಗಳೂರಿನವನು 14 ಮೆಗಾಹರ್ಟ್ಸಿನಲ್ಲಿ ಇಟಲಿಯವನನ್ನು ಚೆನ್ನಾಗಿ ಕೇಳುತ್ತಿದ್ದರೂ ಹುಬ್ಬಳ್ಳಿಯವನನ್ನು ಕೇಳದಿರುವುದು ಅನೇಕ ವೇಳೆ ಆಗುವುದು. ಖಾಲಿಯೆಂದು ತೋರಿದ ಸ್ಥಳದಲ್ಲಿ ಕುಳಿತವನು ತನಗೆ ಕಾಣದವನ ತೊಡೆಯ ಮೇಲೆಯೇ ಕುಳಿತಿರಬಹುದು.

ಬೇಲಿಯ ಪಂಥ, ಅಳತೆಗೋಲಿನ ಪಂಥ

ಇದಕ್ಕೆ ಪರಿಹಾರವೇನೆಂಬ ವಿಷಯದಲ್ಲಿ ಮೊದಲ ಪಂಥದವರು ಬೇಲಿಯನ್ನು ನಂಬುವರು. ಅಮೆರಿಕದ ನಿಯಮವು ಈ ಪಂಥದ ಮಾದರಿ: ಇಪ್ಪತ್ತು ಮೀಟರಿನಲ್ಲಿ 14.150ರ ಕೆಳಗೆ ಧ್ವನಿಗೆ ಪ್ರವೇಶವಿಲ್ಲ, ಆ ಭಾಗ ಮೋರ್ಸಿಗೂ ದತ್ತಾಂಶಕ್ಕೂ ಮೀಸಲು. ಈ ಏರ್ಪಾಡು ಬೇಲಿಯೊಳಗಿನವರಿಗೆ ನೆಮ್ಮದಿಯನ್ನು ಕೊಟ್ಟಿದೆಯೆಂಬುದು ನಿಜ. ದುರ್ಬಲ ಸಂಕೇತಗಳ ಮೋರ್ಸ್ ಪ್ರೇಮಿಗಳು ಅದನ್ನು ಪ್ರಾಣದಂತೆ ಕಾಯುವರು. ಆದರೆ ತರಂಗಗಳಿಗೆ ಪಾಸ್‌ಪೋರ್ಟ್ ಇಲ್ಲ. ಯುರೋಪಿನವನು 14.130ರಲ್ಲಿ ಧ್ವನಿಯಿಂದ ಮಾತಾಡುವಾಗ, ಅಮೆರಿಕದವನು ಅಲ್ಲಿ ಮಾತಾಡುವಂತಿಲ್ಲವಾದರೂ ದತ್ತಾಂಶವನ್ನು ಕಳುಹಿಸಬಹುದು. ಇಬ್ಬರೂ ತಮ್ಮ ತಮ್ಮ ದೇಶದ ಕಟ್ಟಳೆಗೆ ತಲೆಬಾಗಿಯೇ ಪರಸ್ಪರರನ್ನು ಕೆಡಿಸುವರು.

ಎರಡನೆಯ ಪಂಥವು ವಿಧಾನದ ಹೆಸರನ್ನು ಕೇಳದೆ ಅಗಲವನ್ನು ಮಾತ್ರ ಅಳೆಯಬೇಕೆನ್ನುವುದು. ಮಾತೋ ಅಕ್ಷರವೋ ಚಿತ್ರವೋ, ಸಮಾನ ಅಗಲದವು ಸಮಾನವಾಗಿ ಬಾಳಲಿ ಎಂಬುದು ಅದರ ಸೂತ್ರ. ಅಮೆರಿಕದ ಸಂಪರ್ಕ ಆಯೋಗವು 1976ರಲ್ಲಿಯೇ ಇಂಥದೊಂದು ಪ್ರಸ್ತಾಪವನ್ನು ಮುಂದಿಟ್ಟಿತ್ತು. ಅದು ಜಾರಿಗೆ ಬಂದಿದ್ದರೆ ಹ್ರಸ್ವತರಂಗದ ಹೆಚ್ಚಿನ ಪಟ್ಟಿಗಳಿಂದ ಎಎಂ ಮರೆಯಾಗುತ್ತಿತ್ತಾದ್ದರಿಂದ, ಎದ್ದ ಕೋಲಾಹಲದಲ್ಲಿ ಪ್ರಸ್ತಾಪವೇ ಮುಳುಗಿತು. ಕೆನಡಾದಲ್ಲಿ ಈ ತತ್ತ್ವವೇ ಶಾಸನ: ಹ್ರಸ್ವತರಂಗದ ಪಟ್ಟಿಗಳಲ್ಲಿ ಸಾಮಾನ್ಯವಾಗಿ 6 ಕಿಲೋಹರ್ಟ್ಸ್, ಮೂವತ್ತು ಮೀಟರಿನಲ್ಲಿ 1 ಕಿಲೋಹರ್ಟ್ಸ್ ಎಂಬ ಮಿತಿಯೊಳಗೆ ಬಳಕೆಗಾರನು ಸ್ವತಂತ್ರ. ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟದ ಮೊದಲನೆಯ ವಲಯವು, ಎಂದರೆ ಯುರೋಪು ಆಫ್ರಿಕಾಗಳನ್ನೊಳಗೊಂಡದ್ದು, 2006ರಿಂದ ತನ್ನ ಪಟ್ಟಿಯೋಜನೆಯನ್ನು ಅಗಲದ ಮೇಲೆಯೇ ಕಟ್ಟಿತು. ಅದಾದರೂ ಸಲಹೆಯೇ ಹೊರತು ಆಜ್ಞೆಯಲ್ಲ. ಭಾರತವು ಸೇರಿರುವ ಮೂರನೆಯ ವಲಯದ ಯೋಜನೆಯೂ ಹಾಗೆಯೇ ಒಪ್ಪಿಗೆಯ ಮೇಲೆ ನಿಂತಿದೆ. ನೀರುಗಂಟಿಯಿಲ್ಲದ ಕೆರೆಯಲ್ಲಿ ರೈತರೇ ಸರದಿಯನ್ನು ಮಾತಾಡಿಕೊಂಡಂತೆ ಈ ಏರ್ಪಾಡು. ಮಳೆ ಚೆನ್ನಾಗಿ ಬಂದ ವರ್ಷ ಯಾರೂ ಜಗಳವಾಡರು.

ಅಳತೆಗೋಲಿನ ಪಂಥಕ್ಕೆ ಇತ್ತೀಚೆಗೆ ದೊಡ್ಡ ಜಯವೊಂದು ದೊರಕಿದೆ. ಅಮೆರಿಕದಲ್ಲಿ 1980ರಿಂದ ಹ್ರಸ್ವತರಂಗದ ದತ್ತಾಂಶಕ್ಕೆ ಸೆಕೆಂಡಿಗೆ 300 ಚಿಹ್ನೆಗಳ ವೇಗಮಿತಿಯಿತ್ತು. ವೇಗವನ್ನು ಕಟ್ಟಿದರೆ ಅಗಲವೂ ಕಟ್ಟಿಬೀಳುವುದೆಂಬ ಆ ಕಾಲದ ಊಹೆಯು, ಹಲವು ಸ್ವರಗಳನ್ನು ಒಟ್ಟಿಗೆ ಹೊರಡಿಸಬಲ್ಲ ಹೊಸ ವಿಧಾನಗಳು ಬಂದ ಮೇಲೆ ನಿರರ್ಥಕವಾಗಿತ್ತು. 2023ರ ನವೆಂಬರಿನಲ್ಲಿ ಆಯೋಗವು ವೇಗಮಿತಿಯನ್ನು ತೆಗೆದು 2.8 ಕಿಲೋಹರ್ಟ್ಸಿನ ಅಗಲಮಿತಿಯನ್ನು ವಿಧಿಸಿತು. ದೋಣಿಗಳಿಂದಲೂ ವಿಪತ್ತಿನ ಸ್ಥಳಗಳಿಂದಲೂ ಪತ್ರ ಕಳುಹಿಸುವವರು ಹರ್ಷಿಸಿದರು. ಮೋರ್ಸಿನವರು ತಮ್ಮ ಅಂಗಳಕ್ಕೆ ಲಾರಿಗಳು ಬರುವವೆಂದು ಕಳವಳಗೊಂಡರು.

ಕೋಸ್ಟಾಸನ ಅಪಸ್ವರ

ಈ ಎರಡು ಪಂಥಗಳೂ ಕಿರಿದಾದುದೇ ಲೇಸೆಂಬುದನ್ನು ಪ್ರಶ್ನಿಸದೆ ಒಪ್ಪಿದವು. ಒಪ್ಪದ ಒಬ್ಬನಿದ್ದನು. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಂಜಿನಿಯರನೂ ತಾನೇ ಹ್ಯಾಮ್ ಆಗಿದ್ದವನೂ ಆದ ಜಾನ್ ಕೋಸ್ಟಾಸ್, 1959ರ ಡಿಸೆಂಬರಿನಲ್ಲಿ ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಗಣಿತಜ್ಞರಾದ ಪ್ವಾಸೋನ್, ಶ್ಯಾನನ್ ಮತ್ತು ಹವ್ಯಾಸಿ ರೇಡಿಯೋಗಾರ ಇವರನ್ನು ಒಂದೇ ಶೀರ್ಷಿಕೆಯಲ್ಲಿ ಕೂಡಿಸಿ ಬರೆದ ಲೇಖನದಲ್ಲಿ, ಹವ್ಯಾಸಿ ಪಟ್ಟಿಯನ್ನೇ ಮಾದರಿಯಾಗಿ ಹಿಡಿದು, ಯಾರೂ ಯಾರನ್ನೂ ಕೇಳದೆ ತೋರಿದೆಡೆ ಕುಳಿತುಕೊಳ್ಳುವಂಥ ದಟ್ಟಣೆಯ ಪಟ್ಟಿಯಲ್ಲಿ ಅಗಲವಾದ ಸಂಕೇತವೇ ಹೆಚ್ಚು ಫಲಕಾರಿಯಾಗಬಹುದೆಂದು ಗಣಿತದಿಂದ ವಾದಿಸಿದನು. ಕಿರಿದಾದ ಸಂಕೇತಕ್ಕೆ ಡಿಕ್ಕಿಯ ಸಂಭವ ಕಡಿಮೆ, ಆದರೆ ಡಿಕ್ಕಿಯಾದರೆ ಸರ್ವನಾಶ. ಅಗಲವಾದುದಕ್ಕೆ ಡಿಕ್ಕಿ ನಿತ್ಯದ್ದು, ಆದರೆ ಪ್ರತಿಯೊಂದೂ ಅದರ ಅಂಚನ್ನಷ್ಟೇ ತರಚುವುದು. ಸಜ್ಜನಿಕೆಯ ಸೂತ್ರವನ್ನೇ ತಲೆಕೆಳಗು ಮಾಡಿದ ಈ ವಾದವನ್ನು ಹ್ಯಾಮ್‌ಗಳು ಮೆಚ್ಚಲಿಲ್ಲ. ಏಕಪಾರ್ಶ್ವದ ಅಲೆ ಏರುತ್ತಿದ್ದ ಆ ಕಾಲದಲ್ಲಿ ವಾಹಕವನ್ನಷ್ಟೇ ಅಡಗಿಸಿದ ದ್ವಿಪಾರ್ಶ್ವದ ಪರವಾಗಿ ನಿಂತವನೂ ಇವನೇ ಆದ್ದರಿಂದ ಅಪ್ರಿಯತೆ ಇಮ್ಮಡಿಯಾಯಿತು. ಮುಂದೆ ಮೊಬೈಲ್ ದೂರವಾಣಿಯ ಲೋಕವು ಅಗಲವಾಗಿ ಹರಡಿದ ಸಂಕೇತಗಳಿಂದಲೇ ಜನಸಂದಣಿಯನ್ನು ನಿಭಾಯಿಸಿತೆಂಬುದನ್ನು ನೆನೆದರೆ ಅವನ ಮಾತು ಬರಿಯ ಕುತರ್ಕವಾಗಿರಲಿಲ್ಲ. ಆದರೆ ಅಲ್ಲಿ ಎಲ್ಲರ ಶಕ್ತಿಯನ್ನೂ ಕ್ಷಣಕ್ಷಣಕ್ಕೆ ತಗ್ಗಿಸಿ ಏರಿಸುವ ಒಡೆಯನೊಬ್ಬನಿರುವನು. ಹ್ಯಾಮ್ ಪಟ್ಟಿಗೆ ಒಡೆಯನಿಲ್ಲ.

ಕೇಳಿ ಕುಳಿತುಕೊಳ್ಳುವ ಪಂಥ

ನಾಲ್ಕನೆಯ ಪಂಥವೇ ಅತ್ಯಂತ ಪುರಾತನ. ಯಾವ ಆವೃತ್ತಿಯೂ ಯಾರ ಸ್ವತ್ತೂ ಅಲ್ಲ. ಕುಳಿತುಕೊಳ್ಳುವ ಮೊದಲು ಆಲಿಸು, ಆಲಿಸಿದ ಮೇಲೂ ಒಮ್ಮೆ ಕೇಳು. ಮೋರ್ಸಿನಲ್ಲಿ ‘ಕ್ಯೂಆರ್‌ಎಲ್?’ ಎಂದು ಬಡಿದರೆ, ಸ್ಥಳದಲ್ಲಿ ಯಾರಾದರೂ ಇದ್ದಲ್ಲಿ ಒಂದಕ್ಷರದಲ್ಲಿ ಉತ್ತರ ಬರುವುದು. ಛತ್ರದ ಜಗುಲಿಯಲ್ಲಿ ಚಾಪೆ ಹಾಸುವವನು ಪಕ್ಕದವನನ್ನು ಕೇಳುವಂಥ ಈ ಮರ್ಯಾದೆಯು ಎಷ್ಟೋ ದಶಕ ಪಟ್ಟಿಗಳನ್ನು ಕಾಪಾಡಿತು. ಕಾಪಾಡಿದ್ದಕ್ಕೆ ಒಂದು ಕಾರಣವುಂಟು: ಅಲ್ಲಿ ಕುಳಿತವರೆಲ್ಲರೂ ಕಿವಿಯಿಂದಲೇ ಕೇಳುತ್ತಿದ್ದರು, ಧ್ವನಿಯವನಿಗೂ ಪ್ರಾಯಶಃ ಮೋರ್ಸ್ ಬರುತ್ತಿತ್ತು.

ಆ ಕಾರಣವು ಈಗ ಕುಸಿದಿದೆ. ಮೊದಲು ಸ್ವಯಂಚಾಲಿತ ಪತ್ರಕೇಂದ್ರಗಳು ಬಂದವು. ದೂರದ ಕರೆಗೆ ಓಗೊಡುವ ಯಂತ್ರಕ್ಕೆ ಪಕ್ಕದಲ್ಲಿ ನಡೆಯುತ್ತಿರುವ ಮಾತು ಕೇಳಿದರೂ ಅದು ಮಾತೆಂದು ತಿಳಿಯಬೇಕಾಗಿಲ್ಲ. ಬಳಿಕ 1998ರಲ್ಲಿ ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಕೀಲಿಮಣೆಯ ಸಂಭಾಷಣೆಗಾಗಿ ಹೊರತಂದ ಪಿಎಸ್‌ಕೆ31, ನೂರು ಹರ್ಟ್ಸಿಗಿಂತ ಕಿರಿದಾದ ಸೌಮ್ಯ ವಿಧಾನ. ನಿಜವಾದ ಕ್ರಾಂತಿ 2017ರದು: ಭೌತವಿಜ್ಞಾನದಲ್ಲಿ 1993ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಜೋ ಟೇಲರ್, ಸ್ಟೀವ್ ಫ್ರಾಂಕೆಯೊಡನೆ ರಚಿಸಿದ ಎಫ್‌ಟಿ8. ಕೇವಲ 50 ಹರ್ಟ್ಸ್ ಅಗಲ, ಎಂಟು ಸ್ವರಗಳು, ಹದಿನೈದು ಸೆಕೆಂಡಿನ ಕಂತಿನಲ್ಲಿ 12.64 ಸೆಕೆಂಡುಗಳ ಪ್ರೇಷಣೆ, ಕಿವಿಗೆ ಸುಳಿವೂ ಸಿಗದ ಕ್ಷೀಣತೆಯಲ್ಲಿಯೂ ಓದುವ ಸಾಮರ್ಥ್ಯ. ಇದರ ಕಾಲಮೇಳಕ್ಕೆ ಬಳಸುವ ಸ್ವರವಿನ್ಯಾಸದ ಹೆಸರು ಕೋಸ್ಟಾಸ್ ವಿನ್ಯಾಸ. ಅಗಲದ ವಕೀಲನ ಹೆಸರು ಕಿರಿದಾದುದರ ಪರಮಾವಧಿಯಲ್ಲಿ ಅಚ್ಚಾಗಿರುವುದನ್ನು ವಿಧಿಯ ಹಾಸ್ಯವೆನ್ನದೆ ಇನ್ನೇನೆನ್ನಲಿ?

ಇಷ್ಟು ಕಿರಿದಾದ ಸಂಕೇತದಿಂದ ಯಾರಿಗೆ ತೊಂದರೆ? ತೊಂದರೆಯು ಗುಂಪಿನಿಂದ. ಒಂದು ಪಟ್ಟಿಯ ಎಫ್‌ಟಿ8 ಜನರೆಲ್ಲ ಸುಮಾರು 3 ಕಿಲೋಹರ್ಟ್ಸಿನ ಒಂದೇ ಕಿಟಕಿಯಲ್ಲಿ ನೆರೆಯುವರು, ಗ್ರಾಹಕವೂ ಆ ಕಿಟಕಿಯನ್ನೆಲ್ಲ ಒಟ್ಟಿಗೆ ತೆರೆದಿಡಬೇಕು. ಆದ್ದರಿಂದ ಐವತ್ತು ಹರ್ಟ್ಸಿನ ವಿಧಾನವು ವ್ಯವಹಾರದಲ್ಲಿ ಧ್ವನಿಯಷ್ಟೇ ಅಗಲದ ಸ್ಥಳವನ್ನು ಹಗಲಿರುಳೂ ಬಿಡದೆ ಆಕ್ರಮಿಸುವುದು. ನಲವತ್ತು ಮೀಟರಿನಲ್ಲಿ ಆ ಕಿಟಕಿಯು 7.074ರಿಂದ ಆರಂಭವಾಗುವುದು. ಅಮೆರಿಕ ದೇಶದ ಮುಖ್ಯ ಭೂಭಾಗದಲ್ಲಿ ಧ್ವನಿಯು 7.125ರ ಮೇಲೆಯೇ ಇರುವುದರಿಂದ ಈ ಆಯ್ಕೆ ಅಲ್ಲಿ ಮಾತಾಡುವವರನ್ನು ನೋಯಿಸದು. ನಮ್ಮಲ್ಲಿಯಾದರೋ ದಕ್ಷಿಣ ಭಾರತದ ಹ್ಯಾಮ್‌ಗಳ ದಿನನಿತ್ಯದ ಮಾತುಕತೆ ಬಹುಮಟ್ಟಿಗೆ ಇದೇ ನಲವತ್ತು ಮೀಟರಿನಲ್ಲಿ, ಕೆಳಪಾರ್ಶ್ವದ ಎಸ್‌ಎಸ್‌ಬಿಯಲ್ಲಿ. ಒಬ್ಬನು 7.077ರಲ್ಲಿ ಮಾತಿಗೆ ಕುಳಿತನೆನ್ನಿ. ಅವನ ಧ್ವನಿಯು ಸುಮಾರು 7.0743ರಿಂದ 7.0767ರವರೆಗೆ ಹಾಸಿಕೊಳ್ಳುವುದು, ಎಂದರೆ ಕಿಟಕಿಯ ಬಹುಭಾಗವನ್ನು ಮುಚ್ಚಿಬಿಡುವುದು. ಅವನಿಗೆ ಕೇಳುವುದು ನಾದಸ್ವರದ ಕಳ್ಳಶ್ರುತಿಯಂಥ ಊಳಿನ ಗುಂಪು. ಎದುರಿನವರಿಗೆ ಗಣಕದ ಪರದೆಯ ಮೇಲೆ ಓದಲು ಬಾರದ ಕಲೆಗಳು. ‘ದಯವಿಟ್ಟು ಸರಿಯಿರಿ’ ಎಂದು ಅವನು ಕೂಗಿದರೆ, ಸ್ಪೀಕರನ್ನು ಮುಚ್ಚಿ ಪರದೆಯನ್ನು ನೋಡುತ್ತಿರುವವರಿಗೆ ಕೇಳದು. ಅವರು ಉತ್ತರ ಬರೆಯಬೇಕೆಂದರೆ ಎಫ್‌ಟಿ8ರ ಸ್ವತಂತ್ರ ವಾಕ್ಯಕ್ಕೆ ಹದಿಮೂರು ಅಕ್ಷರಗಳ ಮಿತಿ, ಅದನ್ನು ಬರೆದರೂ ಅವನು ಓದಲಾರನು. ಇಲ್ಲಿ ಅಸಭ್ಯರು ಯಾರೂ ಇಲ್ಲ; ಸಭ್ಯತೆಗೆ ಬೇಕಾದ ನಾಲಗೆಯೇ ಇಲ್ಲ.

ಉಪಗ್ರಹದ ನ್ಯಾಯ

ಭೂಮಿಯ ಮೇಲೆ ಬಗೆಹರಿಯದ ಈ ವ್ಯಾಜ್ಯಕ್ಕೆ ಆಕಾಶದಲ್ಲಿ ಅರ್ಧ ಪರಿಹಾರ ದೊರಕಿದೆ. ಇಸ್ರೋ ಸಂಸ್ಥೆಯು 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಉಡಾಯಿಸಿದ, 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್, 2014ರಲ್ಲಿ ಮೂಕವಾಗುವವರೆಗೂ ಲೋಕದ ಹ್ಯಾಮ್‌ಗಳಿಗೆಲ್ಲ ಬಿಟ್ಟಿ ಸೇವೆ ಸಲ್ಲಿಸಿತು. ಇಂಥ ಉಪಗ್ರಹದ ಪುನಃಪ್ರೇಷಕವು ಮೇಲೇರಿ ಬಂದ ಎಲ್ಲರ ಸಂಕೇತಗಳಿಗೂ ಒಂದೆರಡು ವಾಟ್ ಶಕ್ತಿಯನ್ನು ಹಂಚಿಕೊಡಬೇಕು. ಎಫ್‌ಎಂನಂಥ ಎಡೆಬಿಡದ ವಿಧಾನದಿಂದಲೋ ಅತಿಬಲದಿಂದಲೋ ಒಬ್ಬನು ನುಗ್ಗಿದರೆ ಉಳಿದವರ ಪಾಲು ಕರಗುವುದು. 2019ರಲ್ಲಿ ಹವ್ಯಾಸಿಗಳಿಗೆ ತೆರೆದ ಕ್ಯೂಒ-100 ಎಂಬ ಭೂಸ್ಥಿರ ಉಪಗ್ರಹವು ಬೆಂಗಳೂರಿನ ಪಶ್ಚಿಮದ ಬಾನಿನಲ್ಲಿಯೂ ಕಾಣಸಿಗುವುದು. ಅಲ್ಲಿ ದಾರಿದೀಪದ ಸಂಕೇತಕ್ಕಿಂತ ಬಲವಾಗಿ ನುಗ್ಗಿದವನ ಸಂಕೇತದ ಮೇಲೆ ಸೈರನ್ನೊಂದನ್ನು ಹೇರುವ ಲೈಲಾ ಎಂಬ ಏರ್ಪಾಡುಂಟು. ಎಲ್ಲರೂ ಒಂದೇ ಕಿವಿಯ ಮೂಲಕ ಕೇಳುವುದರಿಂದ ಅಲ್ಲಿ ಮರೆಯಾದವನಿಲ್ಲ. ಅಯಾನುಮಂಡಲಕ್ಕೆ ಇಂಥ ಒಂದು ಕಿವಿಯನ್ನು ಹೊಲಿಯುವುದು ಸಾಧ್ಯವಿಲ್ಲ.

ಇತ್ಯರ್ಥವಾಗದೆ ಉಳಿದವು

ಅಡಚಣೆಯನ್ನು ಅಳೆಯಬೇಕಾದದ್ದು ಕಳುಹಿಸುವವನ ಅಗಲದಿಂದಲೋ ಕೇಳುವವನ ನಷ್ಟದಿಂದಲೋ ಎಂಬುದು ಇನ್ನೂ ನಿಶ್ಚಯವಾಗಿಲ್ಲ. ಶಾಸನಗಳೆಲ್ಲ ಮೊದಲನೆಯದನ್ನು ಅಳೆಯುತ್ತವೆ, ದೂರುಗಳೆಲ್ಲ ಎರಡನೆಯದರಿಂದ ಹುಟ್ಟುತ್ತವೆ. ಮನುಷ್ಯನಿಲ್ಲದ ಕೇಂದ್ರವು ‘ಆಲಿಸಿತು’ ಎನ್ನಲು ಏನನ್ನು ಪ್ರಮಾಣವಾಗಿ ಹಿಡಿಯಬೇಕು? 2.8 ಕಿಲೋಹರ್ಟ್ಸಿನ ಹೊಸ ಮಿತಿಯ ಕೆಳಗೆ ಮೋರ್ಸಿನವರ ಭಯ ನಿಜವಾಗುವುದೋ ಸುಳ್ಳಾಗುವುದೋ ಹೇಳುವಷ್ಟು ಕಾಲ ಕಳೆದಿಲ್ಲ. ಕ್ಷೀಣಿಸುತ್ತಿರುವ ವಿಧಾನಕ್ಕೆ ಅದರ ಹಳೆಯ ಹಕ್ಕಿನಿಂದ ಸ್ಥಳವನ್ನು ಉಳಿಸಬೇಕೋ, ತಲೆಯೆಣಿಕೆಯಿಂದ ಮರುಹಂಚಬೇಕೋ ಎಂಬಲ್ಲಿ ಎರಡು ಪಕ್ಷ. ಕೋಸ್ಟಾಸನ ಪ್ರಶ್ನೆಯು ಹವ್ಯಾಸಿ ಹ್ರಸ್ವತರಂಗದಲ್ಲಿ ದೊಡ್ಡ ಪ್ರಮಾಣದ ಪ್ರಯೋಗಕ್ಕೆ ಒಳಗಾಗದೆ ಹಾಗೆಯೇ ನಿಂತಿದೆ. ಎಲ್ಲಕ್ಕಿಂತ ಮಿಗಿಲಾಗಿ, ‘ಇಲ್ಲಿ ನಾನಿದ್ದೇನೆ’ ಎಂಬುದನ್ನು ಧ್ವನಿಯವನೂ ಮೋರ್ಸಿನವನೂ ಗಣಕವೂ ಸಮಾನವಾಗಿ ಗುರುತಿಸಬಲ್ಲ ಒಂದು ಸರ್ವಸಮ್ಮತ ಸಂಕೇತವು ಇಂದಿಗೂ ಇಲ್ಲ.

ಹ್ರಸ್ವತರಂಗದ ಗ್ರಾಹಕವುಳ್ಳ ಓದುಗರು ಒಂದು ಸಂಜೆ 7.074ರಲ್ಲಿ ಕಿವಿಗೊಟ್ಟು ನೋಡಬಹುದು. ಹದಿನೈದು ಸೆಕೆಂಡಿಗೊಮ್ಮೆ ಊಳಿನ ಗುಂಪು ಒಟ್ಟಿಗೆ ಏಳುವುದು, ಒಟ್ಟಿಗೆ ಅಡಗುವುದು, ನಡುವೆ ಎರಡು ಸೆಕೆಂಡುಗಳಷ್ಟು ಮೌನ. ಅಡಿಯಲ್ಲಿ ಯಾರಾದರೂ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಮಾತಾಡುತ್ತಿದ್ದರೆ, ಆ ಎರಡು ಸೆಕೆಂಡುಗಳಲ್ಲಿ ಕೇಳಿಸುತ್ತದೆ.